ರಾಣಿಯ ಮನೆಯಲ್ಲಿ ಕೌಟಿಲ್ಯನ ಬಿಡಾರ

ಮೈಸೂರಿನ ರೈಲ್ವೆ ಸ್ಟೇಷನ್ ಮುಂದೆ ನಿಂತು, ‘ವಿಕ್ಟೋರಿಯಾ ಜೂಬಿಲಿ ಇನ್‌ಸ್ಟಿಟ್ಯೂಟ್‌ಗೆ ಬರ್ತೀರಾ?’ ಎಂದು ಆಟೋದವರನ್ನು ಕೇಳಿ ನೋಡಿ. ಒಬ್ಬರು ‘ಆಸ್ಪತ್ರೆನಾ ಸಾರ್, ಅದು ಬೆಂಗಳೂರಲ್ಲಿರೋದು’ ಅನ್ನುತ್ತಾರೆ. ಇನ್ನೊಬ್ಬರು ಪಕ್ಕದವರ ಮುಖ ನೋಡುತ್ತಾರೆ. ‘ಓಆರ್‌ಐ’ ಅಂದರೆ ಹಳಬರು ಯಾರಾದರೂ ತಲೆಯಾಡಿಸಿಯಾರು. ‘ಮಹಾರಾಜಾ ಕಾಲೇಜ್ ಹತ್ರ, ಕೃಷ್ಣರಾಜ ಬುಲೆವಾರ್ಡ್ ರಸ್ತೇಲಿ’ ಅಂದರೆ ಮಾತ್ರ ಗಾಡಿ ಸ್ಟಾರ್ಟ್ ಆಗುತ್ತದೆ. ಮೀಟರ್ ಮಾತು ಬಿಟ್ಟರೆ ಮಿಕ್ಕದ್ದೆಲ್ಲ ಸಲೀಸು. ಮಹಾರಾಣಿಯ ಹೆಸರಲ್ಲಿ ಕಟ್ಟಿದ ಕಟ್ಟಡಕ್ಕೆ ಕೊನೆಗೆ ಮಹಾರಾಜರ ಕಾಲೇಜೇ ಗುರುತಾಯಿತಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಆ ಕಟ್ಟಡ ಎದ್ದದ್ದು 1887ರಲ್ಲಿ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಐವತ್ತು ವರ್ಷ ತುಂಬಿದ ವರ್ಷ ಅದು. ಸಾಮ್ರಾಜ್ಯದ ಉದ್ದಗಲಕ್ಕೂ ಗಡಿಯಾರ ಗೋಪುರ, ಟೌನ್ ಹಾಲ್, ಆಸ್ಪತ್ರೆ ಎಂದು ಕಲ್ಲು ನೆಡುವ ಸಂಭ್ರಮ. ಮೈಸೂರಿನವರ ಸಂಭ್ರಮಕ್ಕೆ ಬೇರೆಯದೇ ಒಂದು ಲೆಕ್ಕವಿತ್ತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯ ಕಿತ್ತುಕೊಂಡ ಇಂಗ್ಲಿಷರು ಅದನ್ನು ಹತ್ತನೆಯ ಚಾಮರಾಜ ಒಡೆಯರ ಕೈಗೆ ತಿರುಗಿ ಕೊಟ್ಟದ್ದು 1881ರಲ್ಲಿ. ರಾಣಿ ಸಿಂಹಾಸನದ ಮೇಲೆ ಕೂತದ್ದು ಐವತ್ತು ವರ್ಷ, ಮೈಸೂರಿನ ಸಿಂಹಾಸನಕ್ಕೆ ಅಧಿಕಾರವಿಲ್ಲದೆ ಹೋದದ್ದೂ ಐವತ್ತೇ ವರ್ಷ. ರಾಜ್ಯ ಕೈಸೇರಿ ಆರೇ ವರ್ಷವಾಗಿದ್ದಾಗ ರಾಣಿಯ ಹೆಸರಲ್ಲಿ ಒಂದು ಭವನ ಕಟ್ಟಿಸುವುದು ಭಕ್ತಿಯೋ ಜಾಣತನವೋ ಎಂದು ಬಿಡಿಸಿ ಹೇಳುವ ಗೊಡವೆ ನಮಗೆ ಬೇಡ. ಆಗ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಅವರ ಕಾಲದಲ್ಲಿ ಜಾಣತನವಿಲ್ಲದೆ ಒಂದು ಕಾಗದವೂ ಮುಂದಕ್ಕೆ ಹೋಗುತ್ತಿರಲಿಲ್ಲ ಎಂದಷ್ಟೇ ನನ್ನ ಊಹೆ. ಅಂದಹಾಗೆ ವಿಕ್ಟೋರಿಯಾ ರಾಣಿ ತನ್ನ ಜೀವಮಾನದಲ್ಲಿ ಭಾರತದ ನೆಲ ಮೆಟ್ಟಲೇ ಇಲ್ಲ. ಮದುವೆಗೆ ಬಾರದ ಬೀಗರಿಗಾಗಿ ಹಾಕಿದ ಚಪ್ಪರ ಇದು.

ಚಪ್ಪರವೇನೋ ಗಟ್ಟಿಯಾಗಿಯೇ ಇದೆ. ಅರ್ಧವೃತ್ತದ ಕಮಾನುಗಳು, ಗ್ರೀಕರ ಕಡೆಯಿಂದ ರೋಮಿನವರಿಗೆ, ಅಲ್ಲಿಂದ ಇಂಗ್ಲೆಂಡಿಗೆ, ಅಲ್ಲಿಂದ ನಮ್ಮ ಪಿಡಬ್ಲ್ಯುಡಿಗೆ ಬಂದಿಳಿದ ಕಂಬದ ತಲೆಗಳು, ಎತ್ತರದ ಗೋಡೆ. ಇಂಥ ಕಟ್ಟಡ ನೋಡಿದರೆ ಒಳಗೆ ಕೋರ್ಟೋ ಖಜಾನೆಯೋ ಇರಬೇಕು ಅನ್ನಿಸುತ್ತದೆ. ಒಳಗಿರುವುದು ಎಲೆ. ಒಣಗಿದ ತಾಳೆ ಎಲೆ. 1891ರಲ್ಲಿ ಚಾಮರಾಜ ಒಡೆಯರ ಸರ್ಕಾರ ಓರಿಯಂಟಲ್ ಲೈಬ್ರರಿ ಎಂಬ ಹಸ್ತಪ್ರತಿ ಭಂಡಾರವನ್ನು ಶುರುಮಾಡಿತು. ಅದು ನೆಲೆನಿಂತದ್ದು ಈ ಜೂಬಿಲಿ ಭವನದಲ್ಲಿ. ಎ. ಮಹಾದೇವ ಶಾಸ್ತ್ರಿಗಳು ಕ್ಯುರೇಟರ್ ಆಗಿದ್ದುಕೊಂಡು ವೇದಭಾಷ್ಯಗಳ ಅಚ್ಚಿನ ಕೆಲಸವನ್ನೂ ಹಚ್ಚಿದರು. ಗ್ರೀಸಿನ ಕಂಬದ ಕೆಳಗೆ, ಇಂಗ್ಲೆಂಡಿನ ರಾಣಿಯ ಸೂರಿನಡಿ, ಪಂಚೆ ಉಟ್ಟ ಪಂಡಿತರು ನೆಲದ ಮೇಲೆ ಕೂತು ತೈತ್ತಿರೀಯ ಸಂಹಿತೆಯ ಕರಡು ತಿದ್ದುತ್ತಿದ್ದ ನೋಟವನ್ನು ಸ್ವಲ್ಪ ಊಹಿಸಿಕೊಳ್ಳಿ. ಮೈಸೂರಿಗೆ ಮಾತ್ರ ಇಂಥ ಸಂಸಾರಗಳನ್ನು ಜಗಳವಿಲ್ಲದೆ ನಡೆಸುವುದು ಗೊತ್ತು.

ಓಲೆಗರಿಯನ್ನು ಗಾಜಿನ ಪೆಟ್ಟಿಗೆಯೊಳಗೆ ಮಾತ್ರ ನೋಡಿದವರಿಗೆ ಅದರ ಹಿಂದಿನ ಬೆನ್ನುನೋವು ಗೊತ್ತಾಗುವುದಿಲ್ಲ. ಗರಿಗೆ ಮರ ಎರಡು ಬಗೆ. ಒಂದು, ನಮ್ಮ ಮಾಮೂಲಿ ತಾಳೆ. ಇನ್ನೊಂದು, ಬದುಕಿನಲ್ಲಿ ಒಂದೇ ಒಂದು ಸಲ ಹೂಬಿಟ್ಟು ಸತ್ತುಹೋಗುವ ಶ್ರೀತಾಳೆ. ಶ್ರೀತಾಳೆಯ ಗರಿ ತೆಳುವು, ಮೆತು, ಬಳುಕುತ್ತದೆ; ಮಾಮೂಲಿ ತಾಳೆಯದು ದಪ್ಪ, ಒರಟು. ಗರಿಯನ್ನು ದಂಟಿನಿಂದ ಬಿಡಿಸಿ, ಬೇಯಿಸಿ, ಒಣಗಿಸಿ, ತಿಕ್ಕಿ ನುಣುಪು ಮಾಡಿ, ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸಲು ತೂತು ಕೊರೆಯಬೇಕು. ಇಷ್ಟಾದ ಮೇಲೆ ಬರೆಯುವವನು ಕೂರುತ್ತಾನೆ. ಅವನಿಗೆ ಮೇಜಿಲ್ಲ. ಗರಿ ಎಡಗೈಯಲ್ಲಿ, ಬಲಗೈಯಲ್ಲಿ ಕಬ್ಬಿಣದ ಕಂಟ, ಕಂಟದ ಮೊನೆಗೆ ಎಡಗೈ ಹೆಬ್ಬೆರಳಿನ ಉಗುರೇ ಊರುಗೋಲು. ಬಲಗೈ ಓಡುವುದಿಲ್ಲ, ಒಂದೊಂದು ಅಕ್ಷರಕ್ಕೂ ಎಡಗೈ ಗರಿಯನ್ನು ಇಷ್ಟಿಷ್ಟೇ ಸರಿಸುತ್ತಾ ಹೋಗುತ್ತದೆ. ಬರೆದದ್ದು ಕೊರೆದ ಗೀರಷ್ಟೆ, ಬಣ್ಣವಿಲ್ಲ. ಅದು ಸರಿಯಾಗಿ ಕಾಣುವುದು ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಉಜ್ಜಿ ಒರೆಸಿದ ಮೇಲೆ. ಅಲ್ಲಿಯವರೆಗೆ ಆತ ಬರೆದದ್ದು ಆತನಿಗೂ ಅರೆಗುರುಡು. ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುವ ರೂಢಿ ಇಲ್ಲ. ಗರಿ ತುಂಬಿತೋ, ಪದ ಅರ್ಧದಲ್ಲಿದ್ದರೂ ಮುಂದಿನ ಗರಿ. ಹೀಗೆ ಒಂದು ಮಹಾಭಾರತ ಮುಗಿಸಿದವನ ಕತ್ತು ಆಮೇಲೆ ನೆಟ್ಟಗಾಯಿತೋ ಇಲ್ಲವೋ.

ನೆಟ್ಟಗಾಗಲಿಲ್ಲ ಅನ್ನುವುದಕ್ಕೆ ಅವರದೇ ಸಾಕ್ಷಿ ಇದೆ. ಹಳೆಯ ಲಿಪಿಕಾರರು ಕಟ್ಟಿನ ಕೊನೆಯಲ್ಲಿ ಬರೆಯುತ್ತಿದ್ದ ಒಂದು ಶ್ಲೋಕದ ಗೋಳು ಅದೇ: ಬೆನ್ನು ಮುರಿದು, ಸೊಂಟ ಹಿಡಿದು, ಕತ್ತು ಸೋತು, ತಲೆ ತಗ್ಗಿಸಿ ಬರೆದದ್ದಿದು, ಜೋಪಾನ ಮಾಡಿಕೊಳ್ಳಿ ಎಂದು. ಇನ್ನೊಂದು ಶ್ಲೋಕದಲ್ಲಿ ಪುಸ್ತಕವೇ ಬಾಯಿಬಿಟ್ಟು ಮಾತಾಡುತ್ತದೆ. ನನ್ನನ್ನು ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ಕಾಪಾಡಿ, ಮೂರ್ಖರ ಕೈಗೆ ಮಾತ್ರ ಕೊಡಬೇಡಿ ಅನ್ನುತ್ತದೆ. ಈಗ ಭಂಡಾರಗಳಲ್ಲಿ ಏನು ಮಾಡುತ್ತಾರೆ ಗೊತ್ತೇ? ಗರಿ ಒಣಗಿ ಪುಡಿಯಾಗದಿರಲಿ, ಹುಳು ಹತ್ತದಿರಲಿ ಎಂದು ಒಂದೊಂದಕ್ಕೂ ಸಿಟ್ರೊನೆಲ್ಲಾ ಎಣ್ಣೆ ಸವರುತ್ತಾರೆ! ಪುಸ್ತಕದ ಮೊದಲನೆಯ ಬೇಡಿಕೆಯೇ ತಿರಸ್ಕೃತ. ನೀರಿನ ವಿಷಯ ಹಳೇ ಕಟ್ಟಡಗಳ ಸೂರಿಗೂ ಆಷಾಢದ ಮಳೆಗೂ ಬಿಟ್ಟದ್ದು. ಇನ್ನು ಮೂರ್ಖರ ವಿಷಯ. ಸಂಶೋಧನೆಗೆಂದು ಚೀಟಿ ಬರೆದು ಕೊಟ್ಟ ಯಾರನ್ನೂ ಅಟೆಂಡರ್ ‘ನೀವು ಮೂರ್ಖರೋ?’ ಎಂದು ಕೇಳುವ ಹಾಗಿಲ್ಲ. ಕೇಳಬೇಕಿತ್ತು ಎಂದು ಎಷ್ಟೋ ಪ್ರಬಂಧಗಳನ್ನು ಓದಿದಾಗ ನನಗೆ ಅನ್ನಿಸಿದೆ.

ಇಷ್ಟು ಕಷ್ಟಪಟ್ಟು ಬರೆದದ್ದನ್ನು ಮೊಮ್ಮಕ್ಕಳು ಏನು ಮಾಡಿದರು? ಅಟ್ಟಕ್ಕೆ ಹಾಕಿದರು. ನಮ್ಮಲ್ಲಿ ಎಸೆಯಲೂ ಆಗದ, ಬಳಸಲೂ ಆಗದ ವಸ್ತುಗಳಿಗೆಲ್ಲ ಅಟ್ಟವೇ ಗತಿ: ಒಡೆದ ತೊಟ್ಟಿಲು, ಕಂಠ ಹೋದ ಹಾರ್ಮೋನಿಯಂ, ತಾತನ ಓಲೆಗರಿ. ಅಟ್ಟವೂ ತುಂಬಿದಾಗ ದೈವಭಕ್ತರು ಕಟ್ಟನ್ನು ಹೊಳೆಗೆ ಬಿಟ್ಟರು. ಅದು ಅಗೌರವವಲ್ಲ, ಜೀರ್ಣವಾದ ಗ್ರಂಥಕ್ಕೆ ಸಲ್ಲುವ ಸಂಸ್ಕಾರ. ಅಷ್ಟು ಭಕ್ತಿ ಇಲ್ಲದವರ ಮನೆಯಲ್ಲಿ ಬಚ್ಚಲ ಒಲೆ ಇತ್ತು. ಕಾವೇರಿ ಕುಡಿದಿರುವ ಸಾಹಿತ್ಯವನ್ನು ನಮ್ಮ ಯಾವ ವಿಶ್ವವಿದ್ಯಾನಿಲಯವೂ ಓದಿಲ್ಲ.

ಅದಕ್ಕೇ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರ ಬಗ್ಗೆ ನನಗೆ ಅಷ್ಟು ಕುತೂಹಲ. ಕಾವೇರಿ ದಂಡೆಯವರೇ ಅವರೂ, ಹೊಳೆಗೆ ಬಿಡಬಹುದಿತ್ತು. ಬಿಡದೆ, ತಮ್ಮಲ್ಲಿದ್ದ ಒಂದು ಕಟ್ಟನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದರು. ಗ್ರಂಥಲಿಪಿಯಲ್ಲಿದ್ದ ಸಂಸ್ಕೃತದ ಕಟ್ಟು; ಅದರ ಜೊತೆಗೆ ಭಟ್ಟಸ್ವಾಮಿ ಎಂಬವನ ವ್ಯಾಖ್ಯಾನದ ಒಂದು ತುಂಡು. ಆ ಕಟ್ಟು ಕೌಟಿಲ್ಯನ ಅರ್ಥಶಾಸ್ತ್ರ! ಕೊಟ್ಟವರ ಹೆಸರು ಲೋಕಕ್ಕೆ ತಿಳಿಯಲಿಲ್ಲ. ‘ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು’ ಎಂದಷ್ಟೇ ಉಲ್ಲೇಖ. ಕಲ್ಲಿನಲ್ಲಿ ಹೆಸರು ಕೊರೆಸಿಕೊಂಡ ರಾಣಿಯನ್ನು ಆಟೋದವರು ಮರೆತರು, ಸರಿ. ಎಲೆ ತಂದುಕೊಟ್ಟ ಪಂಡಿತರನ್ನು ಮರೆಯುವುದಕ್ಕೂ ನಮಗೆ ಅವಕಾಶವಿಲ್ಲ, ತಿಳಿದಿದ್ದರಲ್ಲವೇ ಮರೆಯುವುದು. ಅವರು ಬಂದದ್ದು ಹೇಗೆ? ಯಾರು ಅವರಿಗೆ ಮೈಸೂರಿನ ದಾರಿ ಹೇಳಿದರು? ತಾವು ಏನು ಕೊಡುತ್ತಿದ್ದೇವೆಂಬುದು ಅವರಿಗೆ ಗೊತ್ತಿತ್ತೇ? ‘ಆ ಧೂಳನ್ನು ಮೊದಲು ಮನೆಯಿಂದ ಸಾಗಹಾಕಿ’ ಎಂದು ಮನೆಯಾಕೆ ತಿಂಗಳಿಂದ ಹೇಳುತ್ತಿದ್ದರೇ? ನನ್ನ ಒಲವು ಈ ಕೊನೆಯ ಊಹೆಯ ಕಡೆಗೆ. ಜಗತ್ತಿನ ಎಷ್ಟೋ ದೊಡ್ಡ ದಾನಗಳ ಹಿಂದೆ ಮನೆ ಗುಡಿಸುವವರ ಒತ್ತಾಯ ಇರುತ್ತದೆ.

ಕಟ್ಟು ಬಂದು ಬೀರು ಸೇರಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಿ ಲೈಬ್ರೇರಿಯನ್ ಆಗಿದ್ದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಅಂದರೆ ನಮಗೆ ಸಂಗೀತ. ಊರಿಗೆ ಊರೇ ಶ್ರುತಿ ಹಿಡಿದು ಕೂತಿತ್ತು ಅನ್ನುವಷ್ಟು ವಿದ್ವಾಂಸರು ಅಲ್ಲಿಂದ ಬಂದವರು. 1868ರಲ್ಲಿ ಹುಟ್ಟಿದ ಶಾಸ್ತ್ರಿಗಳು ಮಾತ್ರ ಹಾಡದೆ ಓದಲು ಹೊರಟರು. ಕಟ್ಟು ಬಿಚ್ಚಿ ಓದಿದರು. ಅರ್ಥಶಾಸ್ತ್ರವೆಂಬುದೊಂದು ಇತ್ತು ಎಂಬುದು ಪಂಡಿತರಿಗೆ ಗೊತ್ತಿರಲಿಲ್ಲವೆಂದಲ್ಲ. ದಂಡಿ ಅದನ್ನು ಗೇಲಿಮಾಡಿದ್ದ, ಕಾಮಂದಕ ಅದನ್ನು ಭಟ್ಟಿಯಿಳಿಸಿದ್ದ. ಮೂಲ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೈಯಲ್ಲಿರುವುದು ಅದೇ ಎಂದು ಶಾಸ್ತ್ರಿಗಳು ಗುರುತಿಸಿ, 1905ರಿಂದ ಭಾಗಭಾಗವಾಗಿ ಇಂಗ್ಲಿಷಿಗೆ ಇಳಿಸಿ ಪ್ರಕಟಿಸತೊಡಗಿದರು.

ಆ ಹೊತ್ತಿನ ಮೈಸೂರನ್ನು ಸ್ವಲ್ಪ ನೋಡಬೇಕು. 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಹಳೇ ಮರದ ಅರಮನೆ ಸುಟ್ಟುಹೋಗಿ, ಹೊಸ ಅರಮನೆ ಇನ್ನೂ ಏಳುತ್ತಿತ್ತು. ಅದು ಮುಗಿದದ್ದು 1912ರಲ್ಲಿ. ಊರಿಗೆ ಕರೆಂಟು ದೀಪ ಬಂದದ್ದು 1908ರಲ್ಲಿ. ಅಂದರೆ ಶಾಸ್ತ್ರಿಗಳು ಗರಿ ಓದಿದ್ದು ಕಿಟಕಿಯ ಬೆಳಕಿನಲ್ಲಿ. ಗರಿಯನ್ನು ಒಂದು ಕೋನಕ್ಕೆ ಓರೆ ಹಿಡಿದರೆ ಗೀರು ಕಾಣುತ್ತದೆ, ನೆಟ್ಟಗೆ ಹಿಡಿದರೆ ಕಾಣುವುದಿಲ್ಲ. ರಾಣಿಗಾಗಿ ಎತ್ತರಕ್ಕೆ ಕಟ್ಟಿಸಿದ ಕಿಟಕಿಗಳು ನಿಜಕ್ಕೂ ಉಪಯೋಗಕ್ಕೆ ಬಂದದ್ದು ಆಗಲೇ ಇರಬೇಕು. ಅತ್ತ ಕಲ್ಲುಕುಟಿಗರ ಉಳಿ, ಇತ್ತ ಶಾಸ್ತ್ರಿಗಳ ಕನ್ನಡಕ. ಎರಡರಲ್ಲೂ ಒಂದೊಂದು ಅರಮನೆ ಏಳುತ್ತಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಕೌಟಿಲ್ಯ ಅಂಥ ಅಲಂಕಾರಕ್ಕೆಲ್ಲ ಸೊಪ್ಪುಹಾಕುವವನಲ್ಲ.

ಅವನ ಗಮನವೆಲ್ಲ ಲೆಕ್ಕದ ಮೇಲೆ. 15 ಅಧಿಕರಣ, 150 ಅಧ್ಯಾಯ, 180 ಪ್ರಕರಣ ಎಂದು ಪುಸ್ತಕಕ್ಕೇ ಲೆಕ್ಕ ಒಪ್ಪಿಸಿ ಶುರುಮಾಡುವ ಮನುಷ್ಯ. ಉಪ್ಪಿಗೆ ಒಬ್ಬ ಅಧಿಕಾರಿ, ಹೆಂಡಕ್ಕೆ ಒಬ್ಬ, ನೂಲಿಗೆ ಒಬ್ಬ, ಆನೆಗೆ ಒಬ್ಬ. ಸರ್ಕಾರಿ ನೌಕರರು ಬೊಕ್ಕಸದ ಹಣ ನುಂಗುವ ದಾರಿಗಳನ್ನು ಎಣಿಸಿ ನಲವತ್ತು ಎಂದು ಇಟ್ಟಿದ್ದಾನೆ. ಇಷ್ಟು ಶತಮಾನಗಳಲ್ಲಿ ನಲವತ್ತೊಂದನೆಯದು ಯಾರಿಗಾದರೂ ಹೊಳೆದಿದೆಯೇ ಎಂದು ಲೆಕ್ಕಪರಿಶೋಧಕರನ್ನು ಕೇಳಬೇಕು. ನನಗೆ ಇಷ್ಟವಾದ ಅಧ್ಯಾಯವೇ ಬೇರೆ. ಅದರಲ್ಲಿ ಕೌಟಿಲ್ಯ ಅಕ್ಷಪಟಲದ, ಅಂದರೆ ಲೆಕ್ಕಪತ್ರ ಇಡುವ ಕಚೇರಿಯ ಕಟ್ಟಡ ಹೇಗಿರಬೇಕೆಂದು ಹೇಳುತ್ತಾನೆ. ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಬೇಕು, ಗುಮಾಸ್ತರಿಗೆ ಬೇರೆ ಬೇರೆ ಕೂರುವ ಜಾಗ, ದಾಖಲೆ ಪುಸ್ತಕಗಳಿಗೆ ಗೊತ್ತಾದ ನೆಲೆ ಇರಬೇಕು. ಬಿಸಿಲು ನೇರ ಹೊಡೆಯದಿರಲಿ, ಗುಮಾಸ್ತರು ಗುಂಪುಗೂಡಿ ಹರಟದಿರಲಿ, ಹುಡುಕಿದ್ದು ಸಿಗಲಿ ಎಂದು ನಾನು ಅದಕ್ಕೆ ಭಾಷ್ಯ ಬರೆದುಕೊಂಡಿದ್ದೇನೆ. ಗ್ರಂಥಾಲಯ ವಿಜ್ಞಾನದ ಕೋರ್ಸಿನಲ್ಲಿ ಎರಡು ಸೆಮಿಸ್ಟರ್ ಹೇಳಿಕೊಡುವುದರ ತಿರುಳು ಇದೇ ತಾನೆ? ಅಂಥದ್ದನ್ನು ಬರೆದವನು ಶತಮಾನಗಳ ಕಾಲ ಯಾವ ನೆಲೆಯೂ ಇಲ್ಲದೆ ಅಟ್ಟದಲ್ಲಿ ಕೂರಬೇಕಾಯಿತು.

1909ರಲ್ಲಿ ಮೂಲ ಅಚ್ಚಾಯಿತು. 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು, ಶಾಸನತಜ್ಞ ಫ್ಲೀಟ್ ಅದಕ್ಕೆ ಮುನ್ನುಡಿ ಬರೆದರು. ಆಮೇಲೆ ಬೇರೆ ಕಡೆಯೂ ಪ್ರತಿಗಳು ಸಿಕ್ಕವು. ತಿರುವನಂತಪುರದ ಗಣಪತಿ ಶಾಸ್ತ್ರಿಗಳು, ಮುಂಬೈಯ ಕಾಂಗಲೆ ಇನ್ನೂ ಶುದ್ಧವಾದ ಪಾಠಗಳನ್ನು ಕೊಟ್ಟರು. ಭಾರತೀಯರು ಬರೀ ಪರಲೋಕ ಚಿಂತಕರು, ಇಹದ ಆಡಳಿತ ಅವರಿಗೆ ತಿಳಿಯದು ಎಂದು ಮೂಗುಮುರಿಯುತ್ತಿದ್ದ ಪಶ್ಚಿಮದ ಪಂಡಿತರು ಇಕ್ಕಟ್ಟಿಗೆ ಸಿಕ್ಕಿಕೊಂಡರು. ಮೈಸೂರಿನವರು ಇಲ್ಲಿ ಒಂದು ಕತೆ ಸೇರಿಸುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರು ಜರ್ಮನಿಗೆ ಹೋಗಿದ್ದಾಗ ಅಲ್ಲಿನ ವಿದ್ವಾಂಸರೊಬ್ಬರು, ‘ಓಹೋ, ಶಾಮಶಾಸ್ತ್ರಿಗಳ ಮೈಸೂರಿನವರೋ ತಾವು?’ ಎಂದು ಕೇಳಿದರಂತೆ. ಅರಸರು ಊರಿಗೆ ಬಂದು ಶಾಸ್ತ್ರಿಗಳನ್ನು ಸನ್ಮಾನಿಸಿ, ಮೈಸೂರಲ್ಲಿ ನಾವು ಮಹಾರಾಜರು ನೀವು ಪ್ರಜೆ, ಅಲ್ಲಿ ನೀವೇ ದೊಡ್ಡವರು, ನಾವು ನಿಮ್ಮ ಊರಿನವರು ಎಂದರಂತೆ. ಈ ‘ಅಂತೆ’ಗಳಿಗೆ ರಸೀದಿ ಕೇಳಬಾರದು. 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯ ಶಾಸ್ತ್ರಿಗಳಿಗೆ ಡಾಕ್ಟರೇಟ್ ಕೊಟ್ಟಿದ್ದಕ್ಕೆ ರಸೀದಿ ಇದೆ, ಅದು ಸಾಕು. ಕೌಟಿಲ್ಯನಿಗೂ ಮೈಸೂರಿನಲ್ಲಿ ಒಂದು ಸರ್ಕಲ್ ಸಿಕ್ಕಿತು, ಕ್ರಾಫರ್ಡ್ ಹಾಲ್ ಹತ್ತಿರ. ಸಂಜೆ ಆರರ ಟ್ರಾಫಿಕ್‌ನಲ್ಲಿ ಅಲ್ಲಿ ನಿಂತರೆ ದಂಡನೀತಿಯ ಅಗತ್ಯ ತಾನಾಗಿ ಮನಸ್ಸಿಗೆ ಬರುತ್ತದೆ.

ಈ ತಂಜಾವೂರು ಜಿಲ್ಲೆಯ ವಿಷಯ ಇನ್ನೂ ಮುಗಿದಿಲ್ಲ. ಆಗ ಅದೇ ಜಿಲ್ಲೆಗೆ ಸೇರಿದ್ದ ಶೀರ್ಕಾಳಿಯಲ್ಲಿ 1892ರಲ್ಲಿ ಹುಟ್ಟಿದ ಹುಡುಗನೊಬ್ಬ ಗಣಿತದ ಮೇಷ್ಟ್ರಾಗಿ, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲನಾದ. ಕೆಲವೇ ದಿನಗಳಲ್ಲಿ ಬೇಜಾರಾಗಿ, ನನ್ನನ್ನು ಪಾಠಕ್ಕೇ ವಾಪಸು ಕಳಿಸಿ ಎಂದು ಗೋಗರೆದ. ಒಮ್ಮೆ ಲಂಡನ್ನಿಗೆ ಹೋಗಿ ಬಾ, ಆಮೇಲೂ ಬೇಡವೆನ್ನಿಸಿದರೆ ನೋಡೋಣ ಎಂದು ಹೇಳಿ ಕಳಿಸಿದರು. ತಿರುಗಿ ಬಂದವನು ಆಮೇಲೆ ಬಿಡಲಿಲ್ಲ. ಅವರೇ ಎಸ್. ಆರ್. ರಂಗನಾಥನ್. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರು. ಅದರಲ್ಲೊಂದು, ಪ್ರತಿಯೊಂದು ಪುಸ್ತಕಕ್ಕೂ ಅದರದೇ ಓದುಗ ಇದ್ದಾನೆಂಬ ಅರ್ಥದ್ದು. ಅವರ ಜಿಲ್ಲೆಯ ಆ ಕಟ್ಟು ತನ್ನ ಓದುಗನನ್ನು ಹುಡುಕಿಕೊಂಡು ಮೈಸೂರಿಗೆ ಬಂದಾಗ ರಂಗನಾಥನ್ ಇನ್ನೂ ಚಡ್ಡಿ ಹಾಕುವ ಹುಡುಗ. ಕೊನೆಗಾಲಕ್ಕೆ ಅವರೂ ಇತ್ತಲೇ ಬಂದರು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ಶಾಸ್ತ್ರದ ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ತಂಜಾವೂರಿನಿಂದ ನಮಗೆ ಬಂದ ಋಣ ಬರೀ ಚಿತ್ರಪಟದ್ದಲ್ಲ, ಭರತನಾಟ್ಯದ್ದಲ್ಲ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಓರಿಯಂಟಲ್ ಲೈಬ್ರರಿ ಅದರ ತೆಕ್ಕೆಗೆ ಬಂತು. ಮಗುವಿಗಿಂತ ತೊಟ್ಟಿಲಿಗೇ ಇಪ್ಪತ್ತೈದು ವರ್ಷ ಹೆಚ್ಚು ವಯಸ್ಸು. 1943ರಲ್ಲಿ ಅದು ಪ್ರಾಚ್ಯವಿದ್ಯಾ ಸಂಶೋಧನಾಲಯ, ಅಂದರೆ ಹಳಬರು ತಲೆಯಾಡಿಸುವ ಆ ‘ಓಆರ್‌ಐ’, ಆಯಿತು. 1960ರಲ್ಲಿ ಕುವೆಂಪು ಮಾನಸಗಂಗೋತ್ರಿ ಎಂದು ಹೆಸರಿಟ್ಟ ಹೊಸ ಆವರಣಕ್ಕೆ ವಿಶ್ವವಿದ್ಯಾನಿಲಯ ಸಂಸಾರ ಸಾಗಿಸಿತು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಶುರುವಾದಾಗ ಕನ್ನಡದ ಹಸ್ತಪ್ರತಿಗಳೂ ಪಾಲು ತೆಗೆದುಕೊಂಡು ಆ ಹೊಸ ಆವರಣಕ್ಕೆ ಹೋದವು. ಅಣ್ಣತಮ್ಮಂದಿರು ಬೇರೆಯಾದರೆ ಹಿರಿಮನೆಯಲ್ಲಿ ಮುದುಕರು ಉಳಿಯುತ್ತಾರೆ. ಸಂಸ್ಕೃತ ಜೂಬಿಲಿ ಭವನದಲ್ಲೇ ಉಳಿಯಿತು. ಹೊಸ ಗ್ರಂಥಾಲಯಗಳ ಓದುವ ಹಾಲ್‌ಗಳಲ್ಲಿ ಈಗ ಜಾಗ ಸಿಗುವುದಿಲ್ಲ, ಬೆಳಿಗ್ಗೆಯೇ ಬ್ಯಾಗ್ ಇಟ್ಟು ಸೀಟು ಹಿಡಿಯುತ್ತಾರೆ. ಅಲ್ಲಿ ಓದುವವರು ಬೀರುವಿನ ಪುಸ್ತಕ ಮುಟ್ಟುವುದು ಕಡಿಮೆ. ಮನೆಯಿಂದ ತಂದ ಕೆಎಎಸ್, ಎಫ್‌ಡಿಎ ಗೈಡುಗಳು, ನೀರಿನ ಬಾಟಲಿ, ತಲೆ ಮೇಲೆ ಫ್ಯಾನು. ಹಿರಿಯ ಪ್ರಾಧ್ಯಾಪಕರು ಇದನ್ನು ಕಂಡು ಮರುಗುತ್ತಾರೆ. ನಾನು ಮರುಗುವುದಿಲ್ಲ. ಮನೆಯಲ್ಲಿ ಕೂರಲು ಜಾಗವಿಲ್ಲದ ಹುಡುಗ ಹುಡುಗಿಯರಿಗೆ ಒಂದು ಮೇಜು ಕುರ್ಚಿ ಕೊಡುವುದೂ ಗ್ರಂಥಾಲಯದ ಕೆಲಸವೇ; ಆ ಗೈಡಿನಲ್ಲೂ ‘ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಪತ್ತೆಹಚ್ಚಿದವರು ಯಾರು?’ ಎಂಬ ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ.

ನನ್ನ ಸೋದರಮಾವನ ಮನೆಯಲ್ಲೂ ಒಂದು ಕಟ್ಟಿದೆ. ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಮನೆಯಲ್ಲಿಟ್ಟಿದ್ದಾರೆ. ಸರಸ್ವತಿ ಪೂಜೆಯ ದಿನ ಅದಕ್ಕೆ ಅರಿಶಿನ ಕುಂಕುಮ, ಹೂವು, ಒಂದು ಚಮಚ ಹಾಲು ಕೂಡ. ಹಲಗೆಯ ಅಂಚಿನಲ್ಲಿ ಕುಂಕುಮ ಕಲ್ಲಿನಂತೆ ಗಟ್ಟಿಯಾಗಿದೆ. ಒಳಗೇನಿದೆ ಎಂದು ಯಾರೂ ನೋಡಿಲ್ಲ. ಹೋದ ವರ್ಷ ನಾನು ತಡೆಯಲಾರದೆ, ‘ಮಾವ, ಇದನ್ನ ಸಂಶೋಧನಾಲಯಕ್ಕೆ ಕೊಟ್ಟುಬಿಡೋಣ. ಅವರು ಓದಿ, ಫೋಟೋ ತೆಗೆದು, ಜೋಪಾನವಾಗಿ ಇಡ್ತಾರೆ’ ಎಂದೆ.

‘ಇಡೋದೇನೋ ಇಡ್ತಾರೆ. ಓದೋದ್ಯಾಕೆ?’ ಅಂದರು ಮಾವ.

‘ಓದ್ದೆ ಏನಿದೆ ಅಂತ ತಿಳಿಯೋದು ಹೇಗೆ?’

‘ಅಲ್ಲಯ್ಯ, ನಮ್ಮ ಮುತ್ತಜ್ಜ ಪುರಾಣ ಓದೋ ಜನ ಅಲ್ಲ. ಅಡಿಕೆ ವ್ಯಾಪಾರ. ಇದೇನಾದ್ರೂ ಸಾಲದ ಪತ್ರ ಆಗಿದ್ರೆ? ನಾವು ಯಾರಿಗೋ ಕೊಡಬೇಕು ಅಂತ ಬರೆದಿದ್ರೆ? ಸರ್ಕಾರದೋರೇ ಓದಿ ಹೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ?’

ನಾನು ಕೌಟಿಲ್ಯನನ್ನೇ ಸಾಕ್ಷಿಗೆ ಕರೆದೆ. ಹತ್ತು ವರ್ಷ ಕೇಳದೆ ಬಿಟ್ಟ ಸಾಲವನ್ನು, ಬಾಲಕರು, ಮುದುಕರು, ರೋಗಿಗಳು, ಪರದೇಶಕ್ಕೆ ಹೋದವರು ಇಂಥವರದ್ದನ್ನು ಬಿಟ್ಟರೆ, ಆಮೇಲೆ ವಸೂಲಿ ಮಾಡುವಂತಿಲ್ಲ ಎಂದು ಅರ್ಥಶಾಸ್ತ್ರದಲ್ಲೇ ಇದೆ, ನಿಮ್ಮ ಮುತ್ತಜ್ಜನ ಕಾಲದ್ದು ಯಾವತ್ತೋ ತೀರಿಹೋಯಿತು, ನಿಶ್ಚಿಂತೆಯಾಗಿ ಕೊಡಿ ಎಂದು ವಿವರಿಸಿದೆ. ಮಾವ ಗಮನವಿಟ್ಟು ಕೇಳಿದರು. ಕಟ್ಟನ್ನು ಕೈಗೆತ್ತಿಕೊಂಡರು. ಕೊಟ್ಟೇಬಿಡುತ್ತಾರೆ ಅಂದುಕೊಂಡೆ.

‘ಹಾಗಾದ್ರೆ ಬೇರೆಯೋರು ನಮಗೆ ಕೊಡಬೇಕಾದ್ದಿದ್ರೆ, ಅದೂ ಹೋಯ್ತು ಅನ್ನು!’ ಎಂದು, ಅದನ್ನು ಎತ್ತಿ ಮತ್ತೆ ದೇವರ ಮನೆಯ ಗೂಡಿಗೇ ಇಟ್ಟರು.